ಕಾಫೂರ ಬರುವ ಮುಂಚೆ

ಆಗಸ್ಟ್ 5, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಕಮತಗಿಯಿಂದ ಬಾಗಲಕೋಟೆಗೆ ಹೋಗುವ ಬೆಳಗಿನ ಬಸ್ಸು. ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಿ ಎಂದು ಕಂಡಕ್ಟರನಿಗೆ ಹೇಳಬೇಕಿತ್ತು. ಬಸ್ಸಿನ ತುಂಬ ಗಂಡಸರು, ಬಾಯಿ ಏಳಲಿಲ್ಲ. ಗೇಟು ಹಿಂದಕ್ಕೆ ಹೋಯಿತು. ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿದರು, ಅವರ ಬೆನ್ನಿಗೆ ಇಳಿದು ವಾಪಸು ನಡೆದೆ. ರಸ್ತೆಯ ಪಕ್ಕದ ಹೊಲದಲ್ಲಿ ತೊಗರಿ ಮೊಳಕಾಲೆತ್ತರ ಬಂದಿದೆ.

ಕೆಲಸ ಕೊಡಿಸಿದವರು ಅಮಾತೆಪ್ಪ ಕಾಕಾ. ನಮ್ಮ ಹಿಂದಿನ ಓಣಿಯವರು. ಅಮ್ಮಿ ತೀರಿಕೊಂಡ ಮೇಲೆ ನಮ್ಮ ಪಕ್ಕದ ಮನೆಯ ರೋಷನಬಿ ಖಾಲಾ, ಕಾಕಾನ ಹೆಂಡತಿ ಶಿವಬಸವ್ವ ಕಾಕಿಯ ಮುಂದೆ ನನ್ನ ಸುದ್ದಿ ಹೇಳಿದ್ದರಂತೆ. ಏಳನೇ ಇಯತ್ತೆ ಓದಿದವಳಿಗೆ ಕೆಮಿಕಲ್ ಕಾರ್ಖಾನೆಯಲ್ಲಿ ಏನು ಕೆಲಸ ಎಂದುಕೊಂಡಿದ್ದೆ. ಬಾಟಲಿ ತೊಳೆಯುವುದು, ಸೋಸುವ ಬಟ್ಟೆ ತೊಳೆಯುವುದು.

ಒಳಗೆ ಕಾಲಿಟ್ಟ ಕೂಡಲೇ ದವಾಖಾನೆಯ ವಾಸನೆ. ಅಮ್ಮಿ ಕೊನೆಗೆ ಮಲಗಿದ್ದ ವಾರ್ಡಿನದೇ. ಅದು ಫಿನಾಲಿನ ವಾಸನೆ ಎಂದು ಕಾಕಾ ಹೇಳಿದರು. ಮೈಗೆ ಬಿದ್ದರೆ ಮೊದಲು ಉರಿಯುವುದೇ ಇಲ್ಲವಂತೆ. ಚರ್ಮ ಬೆಳ್ಳಗಾಗಿ ಜೋಮು ಹಿಡಿಯುತ್ತದೆ, ಸುಟ್ಟದ್ದು ಆಮೇಲೆ ಗೊತ್ತಾಗುತ್ತದೆ. ಅದಕ್ಕೆ ಉದ್ದ ಕೈಗವಸು ಕೊಟ್ಟಿದ್ದಾರೆ.

ಸೋಸುವ ಬಟ್ಟೆಯಲ್ಲಿ ಕರಿ ಪುಡಿ ಉಳಿದಿರುತ್ತದೆ. ಅದು ಒಣಗಬಾರದು. ಒಣಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಯಾವಾಗಲೂ ನೀರಿನಲ್ಲೇ ಇರಬೇಕು. ಇದಿಷ್ಟು ಇವತ್ತಿನ ಪಾಠ.

ಆಗಸ್ಟ್ 9, ಶುಕ್ರವಾರ

ಇಲ್ಲಿ ಏನು ಮಾಡುತ್ತಾರೆ ಎಂಬುದು ಸ್ವಲ್ಪ ತಿಳಿಯಿತು. ಮಾಲಕರಾದ ನಾಗಲಿಂಗ ಸರ್ ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದವರು. ಹೊಸಬರಿಗೆ ಅವರೇ ಹೇಳಿಕೊಡುತ್ತಾರೆ, ಕಸ ಹೊಡೆಯುವವರಿಗೂ.

ಫಿನಾಲ್ ಡ್ರಮ್ಮುಗಳಲ್ಲಿ ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗಿ ಬರುತ್ತದೆ. ಬಿಸಿ ಮಾಡಿ ಕರಗಿಸಿ ರಿಯಾಕ್ಟರಿಗೆ ಬಿಡುತ್ತಾರೆ. ರಿಯಾಕ್ಟರ್ ಅಂದರೆ ಎರಡಾಳೆತ್ತರದ ಉಕ್ಕಿನ ಹಂಡೆ. ಅದಕ್ಕೆ ಕರಿ ಪುಡಿ ಹಾಕಿ, ಬಿಗಿಯಾಗಿ ಮುಚ್ಚಿ, ಹೈಡ್ರೋಜನ್ ಒತ್ತುತ್ತಾರೆ. ಪುಡಿ ಇದ್ದಿಲಿನದು, ಪಲ್ಲೇಡಿಯಂ ಎಂಬ ಲೋಹ ಅದರ ಮೈಗೆ ಅಂಟಿರುತ್ತದೆ. ಫಿನಾಲ್ ಮತ್ತು ಹೈಡ್ರೋಜನ್ ಆ ಪುಡಿಯ ಮೈಮೇಲೆ ಕೂಡಿ ಬೇರೆಯದೇ ದ್ರವವಾಗುತ್ತವೆ. ಪುಡಿ ಮಾತ್ರ ಪುಡಿಯಾಗಿಯೇ ಉಳಿಯುತ್ತದೆ. ಹೊಸ ದ್ರವದ ಹೆಸರು ಸೈಕ್ಲೋಹೆಕ್ಸನೋನ್. ಇಲ್ಲಿ ಎಲ್ಲರೂ ನೋನ್ ಎನ್ನುತ್ತಾರೆ. ಇಳಕಲ್ಲಿನ ಒಂದು ಕಾರ್ಖಾನೆಯವರು ಅದನ್ನು ಒಯ್ದು ನಳದ ಪೈಪು ಅಂಟಿಸುವ ಅಂಟು ಮಾಡುತ್ತಾರೆ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಫಿನಾಲ್ ತೀರಿದ ಮೇಲೂ ಹೈಡ್ರೋಜನ್ ಬಿಡುತ್ತಾ ಹೋದರೆ ನೋನ್ ಕೂಡ ಕೆಟ್ಟು ಸೈಕ್ಲೋಹೆಕ್ಸನಾಲ್, ಇಲ್ಲಿಯವರ ಬಾಯಲ್ಲಿ ನಾಲ್, ಆಗುತ್ತದೆ. ನಾಲ್ ಅಂಟಿಗೆ ಬರುವುದಿಲ್ಲ. ಸರ್ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಾನು ಗೋಣು ಹಾಕಿದೆ, ತಿಳಿದಿರಲಿಲ್ಲ. ಊಟದ ಹೊತ್ತಿಗೆ ಕಾಕಾ ಬುತ್ತಿ ಬಿಚ್ಚಿ ತಿಳಿಸಿದರು.

"ನೋಡು ಮಗಳ, ಆ ಕರಿ ಪುಡಿ ಉಣ್ಣಾಕ ಕುಂತೈತಿ ಅಂತ ತಿಳಕೋ. ತಾಟಿನ್ಯಾಗ ರೊಟ್ಟಿ ಇರೂತನಕ ಅನ್ನದ ಕಡೆ ನೋಡಂಗಿಲ್ಲ. ರೊಟ್ಟಿ ತೀರಿತು, ಅನ್ನಕ್ಕ ಕೈ ಹಾಕ್ತೈತಿ. ಅದು ಅನ್ನ ಮುಟ್ಟೂದರಾಗ ನಾವು ತಾಟು ಜಗ್ಗಬೇಕು. ಅಷ್ಟ ನಮ್ಮ ಕೆಲಸ."

ತಾಟು ಜಗ್ಗುವ ಹೊತ್ತು ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರೇ ಮೂಗು ಮುಟ್ಟಿ ತೋರಿಸಿದರು. ಧರ್ಮರಾಜ ಎನ್ನುವವರು ನೋಡಿಕೊಳ್ಳುವ ಮಷಿನ್ ಇದೆ, ಹಂಡೆಯಲ್ಲಿ ಯಾವುದು ಎಷ್ಟಿದೆ ಎಂದು ಅದು ಖಚಿತ ಹೇಳುತ್ತದೆ. ಆದರೆ ಹೇಳಲು ಅರ್ಧ ತಾಸು ಬೇಕು, ಅಷ್ಟರಲ್ಲಿ ಅನ್ನ ಮುಗಿದಿರುತ್ತದೆ. ಹಾಗಾಗಿ ಕಾಕಾ ಮೊದಲು ಮೂಸಿ ನೋಡಿ ಹೈಡ್ರೋಜನ್ ಸಣ್ಣಗೆ ಮಾಡುತ್ತಾರೆ, ಆಮೇಲೆ ಬಾಟಲಿ ಮಷಿನ್ನಿಗೆ ಹೋಗುತ್ತದೆ. ಮೊದಲು ದವಾಖಾನೆಯ ವಾಸನೆ. ನೋನ್ ಆದಾಗ ಪೇಪರಮೆಂಟಿನ ವಾಸನೆ. ಮೀರಿದರೆ ಕರ್ಪೂರ.

ಮೂರನೆಯದನ್ನು ಹೇಳಿದಾಗ ನಾನು ಬುತ್ತಿಯ ಡಬ್ಬಿ ಮುಚ್ಚಿದೆ.

ಆಗಸ್ಟ್ 20, ಮಂಗಳವಾರ

ಕಾಕಾ ಒಂದು ಮಾತು ಹೇಳಿದ್ದಾರೆ, ಯಾರಿಗೂ ಹೇಳಬೇಡ ಎಂದಿದ್ದಾರೆ. ನಾನು ಯಾರಿಗೆ ಹೇಳಲಿ.

ಹೋದ ಬೇಸಿಗೆಯಲ್ಲಿ ಜ್ವರ ಬಂದು ಎದ್ದಾಗಿನಿಂದ ಅವರಿಗೆ ಯಾವ ವಾಸನೆಯೂ ಬರುತ್ತಿಲ್ಲ. ಮಸಾಲೆ ಖಾರದ್ದಿಲ್ಲ, ಮಳೆ ಬಿದ್ದ ಎರಿ ಮಣ್ಣಿನದಿಲ್ಲ, ಏನೂ ಇಲ್ಲ. ಇಷ್ಟು ದಿನ ಹೈಡ್ರೋಜನ್ ಮೀಟರಿನ ಮುಳ್ಳು ನೋಡಿ ಅಂದಾಜಿನ ಮೇಲೆ ನಡೆಸಿದ್ದಾರೆ. ಮೊನ್ನೆ ಅಂದಾಜು ತಪ್ಪುವುದರಲ್ಲಿತ್ತು. ಸರ್‌ಗೆ ಗೊತ್ತಾದರೆ ರಿಯಾಕ್ಟರಿನಿಂದ ತೆಗೆಯುತ್ತಾರೆ. ಆ ಹಂಡೆ ಲಾರಿಯಿಂದ ಇಳಿದ ದಿನ ಅದಕ್ಕೆ ಹಗ್ಗ ಕಟ್ಟಿದವರು ಅವರೇ. "ಅದನ್ನ ಬಿಟ್ಟು ನಾ ಎಲ್ಲಿ ನಿಂದರ್ಲಿ ಹೇಳು" ಎಂದರು. ದೊಡ್ಡವರು ಹಾಗೆ ಕೇಳಿದರೆ ಇಲ್ಲ ಎನ್ನಲು ಬರುವುದಿಲ್ಲ, ನನ್ನ ಮೂಗು ಕೊಡಲು ಒಪ್ಪಿದೆ.

ನಾನು ಬಾಟಲಿ ತೊಳೆಯುವ ನಳ ರಿಯಾಕ್ಟರಿನ ಹತ್ತಿರವೇ ಇದೆ. ಅವರು ತೆಗೆದ ದ್ರವದ ಬಾಟಲಿಯನ್ನು ಕಟ್ಟೆಯ ಮೇಲೆ ಇಡುತ್ತಾರೆ. ನಾನು ಮೂಸಿ ನೋಡಿ ಹೇಳಬೇಕು. ಬಾಯಿ ಬಿಟ್ಟು ಹೇಳುವುದೇನೂ ಬೇಡ. ಮುಚ್ಚಳವನ್ನು ನೆಟ್ಟಗಿಟ್ಟರೆ ಇನ್ನೂ ದವಾಖಾನೆ, ಬೋರಲು ಇಟ್ಟರೆ ಪೇಪರಮೆಂಟು. ಮುಚ್ಚಳದ ಮಾತು ನನಗೆ ಹಿಡಿಸಿತು.

ಆಗಸ್ಟ್ 22, ಗುರುವಾರ

ವಾಸನೆ ನೋಡುವಾಗ ಬಾಟಲಿಗೆ ಮೂಗು ಹಚ್ಚಬಾರದು, ಅಂಗೈಯಿಂದ ಗಾಳಿ ಎಳೆದುಕೊಳ್ಳಬೇಕು. ಕಲಿಯಲಿ ಎಂದು ಕಾಕಾ ಮೂರೂ ವಾಸನೆಯ ಬಾಟಲಿ ಸಾಲಾಗಿ ಇಟ್ಟರು. ಕೊನೆಯದು ಯಾವುದು ಎಂದು ಕೇಳಿದರು. ಇದಕ್ಕೆ ಮುಚ್ಚಳದ ಲೆಕ್ಕ ಇರಲಿಲ್ಲ, ಬಾಯಿಂದ ಹೇಳಬೇಕಾಯಿತು. ನಮ್ಮ ಮನೆಯ ಮಾತೇ ಬಂತು.

"ಕಾಫೂರ."

"ಕಾಪರ್ರಾ? ಇದರಾಗ ತಾಂಬ್ರ ಎಲ್ಲಿಂದ ಬಂತು?" ಎಂದರು. ಅಲ್ಲಿಗೆ ಬಂದ ಧರ್ಮರಾಜ ಕೇಳಿಸಿಕೊಂಡು, ಕಾಕಾ ಕಿವಿನೂ ತೋರಿಸ್ಕೋರಿ ದವಾಖಾನ್ಯಾಗ, ಎಂದು ನಕ್ಕರು. ಕಾಕಾ ನಗಲಿಲ್ಲ. 'ಕಿವಿನೂ' ಎಂದದ್ದು ಅವರಿಗೆ ಚುಚ್ಚಿತೋ ಏನೋ.

ಕಾಫೂರ ಅಂದರೆ ಕರ್ಪೂರ ಎಂದು ಅವರಿಗೆ ಆಮೇಲೆ ಹೇಳಿದೆ. ಅವರ ಮನೆಯಲ್ಲಿ ಅದು ಪೂಜೆಗೆ. ನಮ್ಮ ಮನೆಯಲ್ಲಿ ಅದು ಅಮ್ಮಿಯ ಕೈಯ ವಾಸನೆ. ಓಣಿಯಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮಯ್ಯತ್ತಿಗೆ ಗುಸಲ್ ಕೊಡಲು, ಅಂದರೆ ಶವಕ್ಕೆ ಕೊನೆಯ ನೀರು ಹಾಕಲು, ಅಮ್ಮಿಯನ್ನೇ ಕರೆಯುತ್ತಿದ್ದರು. ಕೊನೆಯ ನೀರಿನಲ್ಲಿ ಕಾಫೂರ ಬೆರೆಸುತ್ತಾರೆ. ಅಮ್ಮಿ ಅದನ್ನು ಅಂಗೈಯಲ್ಲೇ ತಿಕ್ಕಿ ಪುಡಿ ಮಾಡುತ್ತಿದ್ದಳು. ಮನೆಗೆ ಬಂದು ರೊಟ್ಟಿ ಬಡಿದರೆ ಆ ದಿನದ ರೊಟ್ಟಿಗೂ ಸ್ವಲ್ಪ ಹತ್ತಿರುತ್ತಿತ್ತು.

ಇದನ್ನು ಕಾಕಾನಿಗೆ ಹೇಳಲಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಇವತ್ತು ನಗೆಯಾಯಿತು, ಭಯವೂ ಆಯಿತು.

ಮಧ್ಯಾಹ್ನ ಕಾಕಾ ಬಾಟಲಿ ತಂದು ಕಟ್ಟೆಯ ಮೇಲಿಟ್ಟು ನನ್ನ ಪಕ್ಕದಲ್ಲೇ ನಿಂತರು. ಗಾಳಿ ಎಳೆದುಕೊಂಡೆ, ಕಾಫೂರ. ಇಷ್ಟು ಬೇಗ ಮೀರಿಹೋಯಿತೇ ಎಂದು ಗಾಬರಿಯಾಗಿ ಮುಚ್ಚಳ ಬೋರಲು ಇಟ್ಟು ಕೈಯಿಂದಲೂ ಸನ್ನೆ ಮಾಡಿದೆ. ಕಾಕಾ ಓಡಿ ಹೋಗಿ ಹೈಡ್ರೋಜನ್ ನಿಲ್ಲಿಸಿದರು. ಅರ್ಧ ತಾಸಿನ ಮೇಲೆ ಧರ್ಮರಾಜ ಹೊರಗೆ ಬಂದು, ಅರ್ಧಕ್ಕರ್ಧ ಫಿನಾಲ್ ಹಂಗ ಐತಿ, ಯಾಕ ನಿಲ್ಲಿಸೀರಿ, ಎಂದರು.

ನಾಳೆ ಚೌತಿ. ಕಾಕಾನ ಅಂಗಿಯ ಕಿಸೆಯಲ್ಲಿ ಶಿವಬಸವ್ವ ಕಾಕಿ ತರಹೇಳಿದ ಕರ್ಪೂರದ ಪೊಟ್ಟಣ ಇತ್ತು. ಒಡೆದು ಕಿಸೆಯ ತುಂಬ ಪುಡಿಯಾಗಿತ್ತು. ಹೈಡ್ರೋಜನ್ ಮತ್ತೆ ಬಿಟ್ಟರು, ನಷ್ಟ ಏನೂ ಆಗಲಿಲ್ಲ. ಆದರೆ ಧರ್ಮರಾಜ ಹೋಗುತ್ತಾ ನಿಂತು, "ಕಾಕಾ, ಬಾಗಲದಾಗ ನನಗ ಹೊಡದಂಗ ಬರಾಕತ್ತೈತಿ, ನಿಮ್ಮ ಕಿಸೇದ್ದು ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದರು. ಕಾಕಾ ಬಗ್ಗಿ ಕಾಲಿನ ಬೂಟಿನ ದಾರ ಕಟ್ಟಿಕೊಂಡರು. ಕಟ್ಟಿಯೇ ಇತ್ತು.

ಇನ್ನು ಮೇಲೆ ಬಾಟಲಿ ಇಟ್ಟು ದೂರ ನಿಲ್ಲಿ ಎಂದು ಅವರಿಗೆ ಹೇಳಿದೆ.

ಸೆಪ್ಟೆಂಬರ್ 18, ಬುಧವಾರ

ಬ್ಯಾಚು ಕೆಟ್ಟಿತು.

ಸೆಪ್ಟೆಂಬರ್ 19, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಪೇಪರಮೆಂಟು ಬಂದದ್ದು ನನಗೆ ಗೊತ್ತಾಯಿತು. ಶಾಲೆಯ ಮುಂದಿನ ಅಂಗಡಿಯ ಬರಣಿ ತೆರೆದ ಹಾಗೆ ಚೆನ್ನಾಗಿಯೇ ಬಂತು. ಅದರ ಹಿಂದೆಯೇ ಸಣ್ಣಗೆ ಕಾಫೂರ ಇತ್ತು. ಮುಚ್ಚಳ ಬೋರಲು ಮಾಡಬೇಕಿತ್ತು. ಮಾಡಲಿಲ್ಲ. ಮುಂದಿನ ಬಾಟಲಿ ಬರಲಿ ಎಂದುಕೊಂಡೆ. ಅದರಲ್ಲಿ ಇನ್ನೂ ಜಾಸ್ತಿ ಇತ್ತು. ಮನೆಯಲ್ಲಿ ಅಮ್ಮಿಯ ದುಪಟ್ಟಾಕ್ಕೆ ಈಗ ವಾಸನೆ ಇಲ್ಲ, ಖಾಲಾ ಒಗೆದುಬಿಟ್ಟಿದ್ದಾರೆ. ಮೂರನೆಯ ಬಾಟಲಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಕಾಕಾ ದೂರದಿಂದ ನನ್ನ ಮುಚ್ಚಳವನ್ನೇ ನೋಡುತ್ತಿದ್ದರು. ಅದು ನೆಟ್ಟಗೇ ಇತ್ತು.

ಇಡೀ ಹಂಡೆ ನಾಲ್ ಆಯಿತು. ಇಳಕಲ್ಲಿನ ಟ್ಯಾಂಕರು ಗೇಟಿನಲ್ಲಿ ಕಾದು ಖಾಲಿ ಹೋಯಿತು. ಸರ್ ಕೂಗಾಡಲಿಲ್ಲ. ಇನ್ನೊಂದು ಸಲ ಹೀಗಾದರೆ ರಿಯಾಕ್ಟರಿಗೆ ಬೇರೆಯವರನ್ನು ನಿಲ್ಲಿಸಬೇಕಾಗುತ್ತದೆ ಎಂದಷ್ಟೇ ಕಾಕಾನಿಗೆ ಹೇಳಿದರು. ಕಾಕಾ "ನನ್ನ ಲಕ್ಷ್ಯ ತಪ್ಪಿತ್ರಿ" ಎಂದರು.

ಆಮೇಲೆ ನನ್ನ ಹತ್ತಿರ ಬಂದು, ಏನಾಯಿತು ಎಂದು ಕೇಳಿದರು. ಗೊತ್ತಾಗಲಿಲ್ಲ ಎಂದೆ. ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿ ಕೂತೆ. ಅವರ ಕುತ್ತಿಗೆಯ ಬೆವರು, ಬಸ್ಸಿನ ಡೀಸೆಲ್ಲು, ಯಾರದೋ ಚೀಲದ ಮೆಂತೆಪಲ್ಯೆ, ಎಲ್ಲ ವಾಸನೆಯೂ ಬರುತ್ತಿತ್ತು.

ಸೆಪ್ಟೆಂಬರ್ 24, ಮಂಗಳವಾರ

ಖಾಲಾ ಇವತ್ತು ಮತ್ತೆ ಕೇಳಿದರು. ಓಣಿಯಲ್ಲಿ ಗುಸಲ್‌ಗೆ ಈಗ ಅವರೊಬ್ಬರೇ. ಸೊಂಟ ಬಗ್ಗುವುದಿಲ್ಲ, ನೀರು ಹಾಕಲು ಇನ್ನೊಬ್ಬರು ಬೇಕು. ಅಮ್ಮಿಯ ಮಗಳು ಬಂದರೆ ಜನಕ್ಕೂ ಸಮಾಧಾನ ಎಂದರು. ಆಗುವುದಿಲ್ಲ ಎಂದೆ.

ಅಮ್ಮಿಯ ಗುಸಲ್‌ಗೇ ನಾನು ಒಳಗೆ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತಿದ್ದೆ. ತಂಬಿಗೆ ಕೈಯಲ್ಲಿ ಕೊಟ್ಟರು, ಕೆಳಗಿಟ್ಟೆ. ಖಾಲಾ ಅದನ್ನು ಯಾವತ್ತೂ ಎತ್ತಿ ಆಡಿಲ್ಲ. ಇವತ್ತೂ ಆಡಲಿಲ್ಲ. "ಶೀಶೆ ತೊಳದು ತೊಳದು ನಿನ್ನ ಕೈ ಒಡದಾವು ನೋಡು ಬೇಟಾ, ಎಣ್ಣಿ ಹಚ್ಕೋ" ಎಂದರು.

ಕಾರ್ಖಾನೆಯಲ್ಲಿ ಮೂರು ಬ್ಯಾಚು ಸರಿಯಾಗಿ ಬಂದವು. ಪೇಪರಮೆಂಟು ಬಂದ ಕೂಡಲೇ ಮುಚ್ಚಳ ಬೋರಲು ಮಾಡಿ ಬಾಟಲಿಯನ್ನು ದೂರ ಸರಿಸಿಬಿಡುತ್ತೇನೆ.

ಅಕ್ಟೋಬರ್ 3, ಗುರುವಾರ



ಮಧ್ಯಾಹ್ನಕ್ಕೆ ಬ್ಯಾಚು ಮುಗಿದು ನೋನ್ ಅನ್ನು ಪಂಪಿನಿಂದ ಹಿಂದಿನ ಟ್ಯಾಂಕಿಗೆ ಏರಿಸುತ್ತಿದ್ದರು. ಪಂಪಿನ ಹತ್ತಿರದ ಕಟಾಂಜನದ ಕಬ್ಬಿಣದ ಸರಳು ಮುರಿದಿತ್ತು, ಅದನ್ನು ಬೆಸೆಯಲು ಹುನಗುಂದದಿಂದ ಮತೀನ ಎನ್ನುವ ವೆಲ್ಡರ್ ಬಂದಿದ್ದ. ಇಲ್ಲಿ ಬೆಂಕಿಯ ಕೆಲಸಕ್ಕೆ ಮುಂಚೆ ಆಪರೇಟರ್ ಸುತ್ತ ನೋಡಿ ಹೂಂ ಅನ್ನಬೇಕು. ಮತೀನ ಕಾಕಾನನ್ನು ಕೇಳುವುದು ನನಗೆ ಕೇಳಿಸಿತು.

"ಕಾಕಾ, ವಾಸನಿ ಗೀಸನಿ ಏನಿಲ್ಲಲ್ರಿ? ಹಚ್ಚಲ್ರಿ?"

"ಏನಿಲ್ಲ. ಹಚ್ಚಪಾ."

ನಾನು ತೊಳೆದ ಬಾಟಲಿಗಳ ಟ್ರೇ ಹಿಡಿದುಕೊಂಡು ಮೂಲೆ ತಿರುಗಿದೆ. ಪೇಪರಮೆಂಟು. ಬಾಟಲಿಯಲ್ಲಿ ಬರುವ ಹಾಗಲ್ಲ, ಬರಣಿಯನ್ನೇ ಮುಖಕ್ಕೆ ಬೋರಲು ಹಾಕಿದ ಹಾಗೆ. ಪಂಪಿನ ಕೊರಳಿನಿಂದ ನೋನ್ ಸೋರಿ ಕಲ್ಲಿನ ಮೇಲೆ ಹರಿದು ಮತೀನನ ಕಾಲಿನ ಹಿಂದೆಯೇ ನಿಂತಿತ್ತು. ನೀರಿನ ಹಾಗೆ ಕಾಣುತ್ತದೆ, ನೀರಿನ ಹಾಗೆಯೇ ಹರಿಯುತ್ತದೆ. ಬಿಸಿಯಿತ್ತು, ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಅವನು ಮುಖಕ್ಕೆ ಕರಿ ಗಾಜು ಇಳಿಸಿಕೊಂಡಿದ್ದ.

ಕೂಗಬೇಕು ಎಂದು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಟ್ರೇ ಎತ್ತಿ ಕಲ್ಲಿನ ಮೇಲೆ ಒಗೆದೆ. ಎಲ್ಲ ಬಾಟಲಿಗಳೂ ಒಡೆದವು, ಎಲ್ಲರೂ ತಿರುಗಿ ನೋಡಿದರು, ಮತೀನ ಗಾಜು ಮೇಲೆತ್ತಿದ. ಆಗ ಧ್ವನಿ ಬಂತು.

"ಹಚ್ಚಬ್ಯಾಡ್ರಿ. ನೋನ್ ಸೋರೇತಿ. ನಿಮ್ಮ ಕಾಲಾಗ ಐತಿ."

ಅವನು ಕೆಳಗೆ ನೋಡಿ, ವೆಲ್ಡಿಂಗ್ ಕಡ್ಡಿ ಹಿಡಿದ ಕೈಯನ್ನು ಮೇಲಕ್ಕೇ ಹಿಡಿದುಕೊಂಡು ಹಿಂದೆ ಹಿಂದೆ ಸರಿದ. ಧರ್ಮರಾಜ ಓಡಿ ಕರೆಂಟು ತೆಗೆದರು, ಪಂಪು ನಿಂತಿತು. ಮಣ್ಣು ಹಾಕಿದರು, ನೀರು ಬಿಟ್ಟರು. ಮತೀನ ಗೇಟಿನ ಹೊರಗೆ ಹೋಗಿ ಕೂತು ಚಹಾ ಕೇಳಿದ, ತಂದುಕೊಟ್ಟರೆ ಕುಡಿಯಲಿಲ್ಲ. ಅವನಿಗೆ ಸಣ್ಣ ಮಗಳಿದ್ದಾಳಂತೆ, ಅವಳ ಹೆಸರು ಹೇಳಿ ಹೇಳಿ ಕಾಕಾನನ್ನು ಬೈದ.

ಸರ್ ಬಂದು ಕಾಕಾನನ್ನು ಕೇಳಿದರು. ಇಲ್ಲಿ ನಿಂತವರಿಗೆ ಕಣ್ಣು ಉರಿಯುವ ಹಾಗೆ ಬರುತ್ತಿದೆ, ಏನಿಲ್ಲ ಎಂದು ಹೇಗೆ ಹೇಳಿದಿರಿ, ಎಂದು. ಕಾಕಾ ನೆಲ ನೋಡಿದರು.

"ನೆಗಡಿ ಆಗೇತ್ರಿ ಸರ್. ಎರಡು ದಿನಾತು."

ಸರ್ ಉಸಿರು ಬಿಟ್ಟು, ನೆಗಡಿಯಾದರೆ ಹೇಳಬೇಕಲ್ಲವೇ ಎನ್ನುತ್ತಾ ಹೊರಟರು. ಅಷ್ಟಕ್ಕೇ ಮುಗಿಯುತ್ತಿತ್ತು. ನಾಳೆ ಮತ್ತೆ ಬ್ಯಾಚು, ಮತ್ತೆ ಪಂಪು, ಮತ್ತೆ ಯಾರಾದರೂ ಬಂದು ಹಚ್ಚಲೇನು ಎಂದು ಕಾಕಾನನ್ನೇ ಕೇಳುತ್ತಾರೆ.

"ನೆಗಡಿ ಅಲ್ರಿ ಸರ್" ಎಂದೆ.

ಆಮೇಲೆ ಎಲ್ಲ ಹೇಳಿದೆ. ಜ್ವರ, ಮುಚ್ಚಳ, ಕಿಸೆಯ ಕರ್ಪೂರ. ಹದಿನೆಂಟನೆಯ ತಾರೀಖಿನ ಬ್ಯಾಚು ಕಾಕಾನ ತಪ್ಪಲ್ಲ, ನನಗೆ ಗೊತ್ತಿದ್ದೂ ಹೇಳಲಿಲ್ಲ ಎಂದೂ ಹೇಳಿದೆ. ಯಾಕೆ ಹೇಳಲಿಲ್ಲ ಎಂದು ಸರ್ ಕೇಳಿದರು. ನಾನು ಬಗ್ಗಿ ಖಾಲಿ ಟ್ರೇ ಎತ್ತಿಕೊಂಡೆ.

ಕಾಕಾ ನನ್ನನ್ನು ನೋಡಲಿಲ್ಲ. ಹೋಗಿ ಗಾಜಿನ ಚೂರು ಆರಿಸತೊಡಗಿದರು. ನಾನು ಆರಿಸುತ್ತೇನೆ ಎಂದು ಕೂತರೆ ಎದ್ದು ಹೋದರು.

ಅಕ್ಟೋಬರ್ 4, ಶುಕ್ರವಾರ

ಕಾಕಾನನ್ನು ಗೇಟಿಗೆ ಹಾಕಿದ್ದಾರೆ. ಟ್ಯಾಂಕರು ಒಳಗೆ ಬಿಡುವುದು, ತೂಕ ನೋಡುವುದು.

ತಪ್ಪು ತಮ್ಮದೂ ಇದೆ ಎಂದು ಸರ್ ಎಲ್ಲರ ಮುಂದೆ ಹೇಳಿದರು. ಒಬ್ಬರ ಮೂಗಿನ ಮೇಲೆ ಇಡೀ ಕಾರ್ಖಾನೆ ನಿಲ್ಲಿಸಬಾರದಿತ್ತು ಎಂದರು. ಇನ್ನು ಮೇಲೆ ಬೆಂಕಿಯ ಕೆಲಸಕ್ಕೆ ಮುಂಚೆ ಆವಿ ಅಳೆಯುವ ಮೀಟರು ಹಿಡಿದು ನೋಡುತ್ತಾರೆ. ಕೊನೆಯ ಹೊತ್ತಿಗೆ ಹೈಡ್ರೋಜನ್ ಬಹಳ ಸಣ್ಣಗೆ ಬಿಟ್ಟು, ಮಷಿನ್ ಹೇಳುವ ತನಕ ಕಾಯುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಮೂಗು ಮುನ್ಸೂಚನೆಗೆ ಮಾತ್ರ, ಅದೂ ಇಬ್ಬರದು. ನನ್ನದು ಮತ್ತು ಧರ್ಮರಾಜ ಅವರದು. ದಿನಾ ಬ್ಯಾಚು ಶುರುವಾಗುವ ಮುಂಚೆ ಸರ್ ಇಬ್ಬರನ್ನೂ ಮೂಗು ಹೇಗಿದೆ ಎಂದು ಕೇಳುತ್ತಾರೆ, ಇದ್ದದ್ದು ಹೇಳಬೇಕು.

ದ್ರವ ತೆಗೆಯುವ ಕೆಲಸ ನನಗೇ ಕೊಟ್ಟರು. ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ.

ಸಂಜೆ ಗೇಟಿನಲ್ಲಿ ಕಾಕಾ ಕೂತಿದ್ದರು. ಹೋಗ್ತೇನ್ರಿ ಕಾಕಾ ಎಂದೆ. ಅವರು ರಸ್ತೆ ನೋಡುತ್ತಿದ್ದರು. ಅವರು ಆ ಬಸ್ಸಿಗೆ ಬರಲಿಲ್ಲ, ಮುಂದಿನದಕ್ಕೆ ಬಂದರಂತೆ.

ಅಕ್ಟೋಬರ್ 12, ಶನಿವಾರ

ದಸರೆ. ಪ್ರತಿ ವರ್ಷ ಕಾಕಾ ಮತ್ತು ಕಾಕಿ ಇಬ್ಬರೂ ಬಂದು ಅಮ್ಮಿಗೆ ಬನ್ನಿ ಕೊಡುತ್ತಿದ್ದರು. ಈ ಸಲ ಕಾಕಿ ಒಬ್ಬರೇ ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣವಾ" ಎಂದು ನನ್ನ ಕೈಯಲ್ಲೂ ಖಾಲಾನ ಕೈಯಲ್ಲೂ ಎಲೆ ಇಟ್ಟರು. ಕಾಕಾ ಯಾಕೆ ಬರಲಿಲ್ಲ ಎಂದು ಖಾಲಾ ಕೇಳಿದರು.

ಕಾಕಿ ಕಟ್ಟೆಯ ಮೇಲೆ ಕೂತು ಹೇಳಿದರು. ಮೂಗು ಹೋದದ್ದನ್ನು ಕಾಕಾ ಹೆಂಡತಿಗೂ ಹೇಳಿರಲಿಲ್ಲವಂತೆ. ಒಂದು ದಿನ ಹಾಲು ಉಕ್ಕಿ ಒಲೆಯ ಮೇಲೆ ಸೀದು ಮನೆಯೆಲ್ಲ ಹೊಗೆಯಾದಾಗ ಪಕ್ಕದಲ್ಲೇ ಕೂತು ಟೀವಿ ನೋಡುತ್ತಿದ್ದರಂತೆ. ಕಣ್ಣಿಗೆ ಹೊಗೆ ಬಂದ ಮೇಲೆ ಎದ್ದರಂತೆ. "ಸಿಟ್ಟು ನಿನ್ನ ಮ್ಯಾಲಲ್ಲ ಬಿಡು. ಆ ಮತೀನನ ಮನಿಗೆ ಹುನಗುಂದಕ್ಕ ಹೋಗಿ ಬಂದಾರ. ಕಾಲ ಹಿಡೀತೇನಿ ಅಂದ್ರಂತ, ಆ ಹುಡುಗ ಒಳಗ ಕರದು ಚುರಮುರಿ ಸುಸಲಾ ತಿನಿಸಿ ಕಳಿಸ್ಯಾನ."

ಕಾಕಾನಿಗೆ ಎಂದು ನಮ್ಮ ಪಾಲಿನ ಎಲೆ ಅವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಅಕ್ಟೋಬರ್ 23, ಬುಧವಾರ

ಕೆಲಸ ಜಾಸ್ತಿ. ಬರೆಯಲು ಏನೂ ಇಲ್ಲ. ಮಷಿನ್ನಿನ ಕಾಗದದಲ್ಲಿ ಗೆರೆ ಏರಿಳಿದು ಮೂರು ಗುಡ್ಡ ಬರುತ್ತವೆ, ಯಾವ ಗುಡ್ಡ ಯಾವುದು ಎಂದು ಧರ್ಮರಾಜ ಹೇಳಿಕೊಟ್ಟರು. ಕೊನೆಯಲ್ಲಿ ಫಿನಾಲಿನ ಗುಡ್ಡ ಇರುವೆಯ ಗೂಡಿನಷ್ಟು ಆಗುತ್ತದೆ.

ಕಾಕಾ ಹೋದ ವಾರ ಮಾತಾಡಿದರು. ಸಂಜೆ ಗೇಟು ದಾಟುವಾಗ, "ಇವತ್ತ ಹೆಂಗಿತ್ತು?" ಎಂದರು. ಪೇಪರಮೆಂಟು ಬರುವುದು ತಡವಾಯಿತು, ಪುಡಿ ಹಳತಾಗಿದೆಯಂತೆ, ಎಂದೆ. ಗೋಣು ಹಾಕಿದರು. ಪುಡಿ ತೊಳೆಯುವಾಗ ಬಿಸಿ ನೀರು ಹಾಕಲು ಹೇಳು ಎಂದರು. ಸರ್‌ಗೆ ಹೇಳಿದೆ, ಅದನ್ನು ಆಗಲೇ ಮಾಡುತ್ತಿದ್ದಾರಂತೆ. ಕಾಕಾನಿಗೆ ಅದನ್ನು ತಿಳಿಸಲಿಲ್ಲ.

ಈಗ ದಿನಾ ಕೇಳುತ್ತಾರೆ.

ನವೆಂಬರ್ 7, ಗುರುವಾರ

ಬೆಳಗಿನ ಅಜಾನ್ ಆದ ಮೇಲೆ ಖಾಲಾ ಬಾಗಿಲು ಬಡಿದರು. ಮಸೀದಿಯ ಹಿಂದಿನ ಮನೆಯ ಅಜ್ಜಿ, ಜರೀನಾ ದಾದಿ, ರಾತ್ರಿ ತೀರಿಕೊಂಡಿದ್ದರು. ನನ್ನನ್ನು ಕರೆಯಲು ಬಂದದ್ದಲ್ಲ, ಅಮ್ಮಿಯ ದೊಡ್ಡ ತಂಬಿಗೆ ಕೇಳಲು ಬಂದದ್ದು. ತಂಬಿಗೆ ಹಿಡಿದುಕೊಂಡು ನಾನೇ ಹೋದೆ.

ದಾದಿ ಹಗುರವಾಗಿದ್ದರು. ಖಾಲಾ ಹೇಳಿದ ಹಾಗೆ ಬಲಗಡೆಯಿಂದ ನೀರು ಹಾಕಿದೆ. ಕಾಫೂರವನ್ನು ಕಲ್ಲಿನಿಂದ ಕುಟ್ಟಲು ಖಾಲಾ ಬಗ್ಗಿದರು, ಅವರಿಗೆ ಆಗಲಿಲ್ಲ. ಇಲ್ಲಿ ಕೊಡಿ ಎಂದು ಅಂಗೈಯಲ್ಲಿ ತಿಕ್ಕಿದೆ. ಸುಲಭವಾಗಿ ಪುಡಿಯಾಯಿತು. ಖಾಲಾ ನನ್ನ ಅಂಗೈ ನೋಡಿದರು, ಆಮೇಲೆ "ನೀರ ಹಾಕು ಬೇಟಾ, ಆರತಾವ" ಎಂದರು.

ಎರಡನೆಯ ಬಸ್ಸು ಸಿಕ್ಕಿತು. ಗೇಟಿನ ಮುಂದೆ ನಿಲ್ಲಿಸಲು ಕಂಡಕ್ಟರನಿಗೆ ಹೇಳಿದೆ. ಅವನು ನಿಲ್ಲಿಸುವುದಿಲ್ಲ ಎಂದ, ದಿನಾ ನಿಲ್ಲಿಸುತ್ತಾರೆ ಎಂದೆ, ನಿಲ್ಲಿಸಿದ.

ಒಳಗೆ ಬ್ಯಾಚಿಗೆ ನನಗಾಗಿಯೇ ಕಾಯುತ್ತಿದ್ದರು. ಟ್ಯಾಂಕರಿನ ಡ್ರೈವರನನ್ನು ಕರೆದುಕೊಂಡು ಕಾಕಾ ಕೂಡ ಅಲ್ಲಿಗೆ ಬಂದಿದ್ದರು. ಸರ್ ರೂಢಿಯ ಹಾಗೆ ಕೇಳಿದರು. ಧರ್ಮರಾಜ, ಬರೋಬ್ಬರಿ ಐತ್ರಿ, ಎಂದರು. ನಾನು ಕೈ ನೋಡಿಕೊಂಡೆ.

"ನನ್ನ ಮೂಗು ಇವತ್ತ ನಂಬಬ್ಯಾಡ್ರಿ ಸರ್. ಗುಸಲ್‌ಗೆ ಹೋಗಿದ್ದೆ, ಕೈಗೆ ಕಾಫೂರ ಹತ್ತೇತಿ. ಎಲ್ಲಾ ಅದ ಬರ್ತೈತಿ. ಧರ್ಮರಾಜ ಅವರೂ ಮಷಿನ್ನೂ ನೋಡಲಿ."

ಆಯಿತು ಎಂದು ಸರ್ ಹೈಡ್ರೋಜನ್ ಬಿಡಲು ಹೇಳಿದರು. ಕಾಫೂರ ಅಂದ್ರ ತಾಂಬ್ರ ಅಲ್ಲಲ್ಲ, ಎಂದು ಧರ್ಮರಾಜ ಕಾಕಾನ ಕಡೆ ನೋಡಿ ನಕ್ಕರು. ಕಾಕಾ ಅಲ್ಲೇ ನಿಂತುಬಿಟ್ಟಿದ್ದರು. ಡ್ರೈವರ್ ಎರಡು ಸಲ ಕರೆದ ಮೇಲೆ ಹೋದರು.

ಸಂಜೆ ಗೇಟಿನಲ್ಲಿ ಅವರು ಎಂದಿನಂತೆ ಹೇಗಿತ್ತು ಎಂದು ಕೇಳಲಿಲ್ಲ.

"ಮುಂಜಾನಿ ಸರ್ ಮುಂದ ಎಷ್ಟ ಹಗೂರಕ ಹೇಳಿದಿ ಮಗಳ" ಎಂದರು. "ನನಗ ಆ ಒಂದ ಮಾತ ಬಾಯಿಗೆ ಬರಲಿಲ್ಲ ನೋಡು. ಅಷ್ಟ ಮಾತು."

ನಾನು ಏನು ಹೇಳಿದ್ದೆ ಎಂದು ನೆನಪು ಮಾಡಿಕೊಂಡೆ. ಏನು ಕಾಕಾ ಎಂದು ಕೇಳಿದೆ. ಹೋಗಲಿ ಬಿಡು, ಬಸ್ಸು ಬಂತು, ಎಂದರು. ಒಂದೇ ಬಸ್ಸಿಗೆ ಬಂದೆವು.

ಬ್ಯಾಚು ಚೆನ್ನಾಗಿ ಬಂದಿದೆ. ಕೈಯನ್ನು ಸಾಬೂನಿನಿಂದ ತೊಳೆದೆ, ಹುಣಸೆಹಣ್ಣು ಹಚ್ಚಿ ತೊಳೆದೆ, ವಾಸನೆ ಹೋಗಲಿಲ್ಲ. ಹಾಗೇ ರೊಟ್ಟಿ ಬಡಿದೆ. ರಾತ್ರಿ ಊಟಕ್ಕೆ ಬಂದ ಖಾಲಾ ಮೊದಲ ತುತ್ತು ಬಾಯಿಗಿಟ್ಟು ನನ್ನನ್ನು ನೋಡಿದರು. ಇನ್ನೊಂದು ರೊಟ್ಟಿ ಹಾಕು ಎಂದರು.